ವಯಸ್ಸು ಇಳಿಸೋ ರಸಭಸ್ಮ ಅಂತ ಮಾರೋರ ಹತ್ರ ಹುಷಾರು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಕಡೆ ಮನೇಲಿ ರಿಟೈರ್ ಆಗಿರೋ ಹಿರಿಯರು ಇದ್ರೆ ಪೂರ್ತಿ ಓದಿ. ಭಾನುವಾರ ಬೆಳಿಗ್ಗೆ ಯಾವ್ದಾದ್ರೂ ಸಣ್ಣ ಹಾಲ್ ಬಾಡಿಗೆಗೆ ಹಿಡಿದು "ಸಿದ್ಧರ ಕಾಯಕಲ್ಪ, ಉಚಿತ ಉಪನ್ಯಾಸ" ಅಂತ ನಡೆಸ್ತಾರೆ, ಉಪ್ಪಿಟ್ಟು ಕಾಫಿ ಎಲ್ಲಾ ಫ್ರೀ, ಕೊನೇಲಿ ವಯಸ್ಸು ಹಿಂದಕ್ಕೆ ಹೋಗುತ್ತೆ ಅಂತ ರಸಭಸ್ಮ, ಅಂದ್ರೆ ಪಾದರಸದಿಂದ ಮಾಡಿದ ಒಂದು ಕಪ್ಪು ಪುಡಿ ಮಾರ್ತಾರೆ. ಒಂದು ಮಂಡಲದ ಡೋಸಿಗೆ 48 ಸಾವಿರ. ನಮ್ಮ ದೊಡ್ಡಪ್ಪ ತಗೊಂಡ್ರು, ಈಗ ಕಿಡ್ನಿ ಡಾಕ್ಟರ್ ಹತ್ರ ಓಡಾಡ್ತಿದೀವಿ.

ದೊಡ್ಡಪ್ಪ ಬ್ಯಾಂಕ್ ಮ್ಯಾನೇಜರ್ ಆಗಿದ್ದೋರು, ಒಂದು ಸೈನ್ ತಪ್ಪಿದ್ರೂ ಚೆಕ್ ವಾಪಸ್ ಕಳಿಸ್ತಿದ್ದ ಮನುಷ್ಯ. ಅವ್ರು ಬರೀ ಮಾತಿಗೆ ಬಿದ್ದಿಲ್ಲ. ಉಪನ್ಯಾಸ ಕೊಡ್ತಿದ್ದ ಆಸಾಮಿ ದೊಡ್ಡಮ್ಮನ ಉಂಗುರಾನೇ ಇಸ್ಕೊಂಡು, ಅದರ ಮೇಲೆ ಒಂದು ಹನಿ ಪಾದರಸ ಬಿಟ್ಟು ಉಜ್ಜಿದ್ನಂತೆ, ನೋಡ್ತಾ ನೋಡ್ತಾ ಚಿನ್ನ ಬೆಳ್ಳಿ ಥರ ಬೆಳ್ಳಗಾಯ್ತು. "ರಸ (ಪಾದರಸ) ಚಿನ್ನಾನ ನುಂಗ್ತು ನೋಡಿ" ಅಂದ. ಆಮೇಲೆ ಗ್ಯಾಸ್ ಬರ್ನರ್ ಉರೀಲಿ ಹಿಡಿದ, ಸ್ವಲ್ಪ ಹೊತ್ತಿಗೆ ಮತ್ತೆ ಹಳದಿ. "ಮುದಿ ದೇಹಾನೂ ಹಿಂಗೇ ಬಂಗಾರ ಆಗುತ್ತೆ" ಅಂದಿದ್ದಕ್ಕೆ ಹಾಲ್ ತುಂಬಾ ಚಪ್ಪಾಳೆ.

ಉಂಗುರಕ್ಕೆ ಹೊಳಪು ಹೋಗಿದೆ ಅಂತ ದೊಡ್ಡಮ್ಮ ನಗರ್ತಪೇಟೆಗೆ ತಗೊಂಡೋದ್ರೆ ಅಕ್ಕಸಾಲಿ ಕೈಲಿ ಹಿಡಿದವನೇ "ಯಾರಮ್ಮ ಇದಕ್ಕೆ ಪಾದರಸ ಹಚ್ಚಿದ್ದು?" ಅಂತ ಕೇಳಿದ್ರಂತೆ. ಇದ್ರಲ್ಲಿ ಪವಾಡ ಏನೂ ಇಲ್ಲ, ಪಾದರಸ ಚಿನ್ನದ ಜೊತೆ ಬೆರೆತು ಬಿಳಿ ಆಗುತ್ತೆ, ಕಾಯಿಸಿದ್ರೆ ಪಾದರಸ ಹಾರಿಹೋಗಿ ಚಿನ್ನ ಉಳಿಯುತ್ತೆ. ಹಿಂದೆ ತಾಮ್ರದ ಮೇಲೆ ಚಿನ್ನದ ಮುಲಾಮು ಹಾಕ್ತಿದ್ದಿದ್ದೂ ಇದೇ ಕೆಲಸದಿಂದ. ಹಾರಿದ್ದು ಎಲ್ಲಿಗೆ ಹೋಯ್ತು ಅಂತ ಮಾತ್ರ ಯಾರೂ ಕೇಳಲಿಲ್ಲ, ಕಿಟಕಿ ಮುಚ್ಚಿದ್ದ ಎಸಿ ಹಾಲಲ್ಲಿ ಕೂತಿದ್ದೋರೆಲ್ಲಾ ಆ ಹೊಗೆ ಕುಡಿದ್ರು.

ಪುಡಿ ಶುರು ಮಾಡಿದ ಸ್ವಲ್ಪ ದಿನಕ್ಕೆ ಬಾಯಲ್ಲಿ ಕಬ್ಬಿಣ ಚೀಪಿದಂಗೆ ರುಚಿ, ಆಮೇಲೆ ವಸಡು ನೋವು, ಒಂದು ಹಲ್ಲು ಅಲುಗಾಡೋಕೆ ಶುರು, ಕೈ ಸಣ್ಣಗೆ ನಡುಕ. ಫೋನ್ ಮಾಡಿದ್ರೆ ಅವನು ಏನಂದ ಗೊತ್ತಾ, "ಶುಭ ಸೂಚನೆ ಸಾರ್, ಹಳೇ ದೇಹ ಕಳಚ್ತಾ ಇದೆ". ಇಲ್ಲೇ ಇರೋದು ಅಪಾಯ ನೋಡಿ. ಕಾಯಕಲ್ಪದ ಹಳೇ ವರ್ಣನೆಗಳಲ್ಲಿ ಹಲ್ಲು ಉಗುರು ಕೂದ್ಲು ಎಲ್ಲಾ ಉದುರಿ ಹೊಸದಾಗಿ ಹುಟ್ಟುತ್ತೆ ಅಂತ ಇದೆ, ಆ ಕಥೇನ ಲೆಕ್ಚರಲ್ಲಿ ಮೊದಲೇ ಕಿವಿಗೆ ಹಾಕಿರ್ತಾರೆ, ಹಂಗಾಗಿ ಪಾದರಸದ ವಿಷ ಏರಿದಾಗ ಬರೋ ಒಂದೊಂದು ಲಕ್ಷಣಾನೂ ಔಷಧಿ ಕೆಲಸ ಮಾಡ್ತಿದೆ ಅನ್ನೋದಕ್ಕೆ ಸಾಕ್ಷಿ ಆಗ್ಬಿಡುತ್ತೆ. ಕಾಲು ಊದಿಕೊಂಡಾಗ ನಾನು ಹೇಳ್ದೆ, ದೊಡ್ಡಪ್ಪ ಡಾಕ್ಟರ್ ಹತ್ರ ಹೋಗೋಣ ಅಂತ. "ಸುಮ್ನಿರೋ, ಗುರುಗಳು ಇದನ್ನೆಲ್ಲಾ ಮೊದ್ಲೇ ಹೇಳಿದಾರೆ" ಅಂದ್ರು.

ಈ ಸಬೂಬು ಹೊಸದೇನಲ್ಲ. ಚೀನಾದ ಟಾಂಗ್ ವಂಶದ ರಾಜ ವುಜೊಂಗ್ ಅಮೃತ ಅಂತ ರಸವಾದಿಗಳು ಕೊಟ್ಟಿದ್ದನ್ನ ತಿಂದು ಕಾಯಿಲೆ ಬಿದ್ದಾಗ, "ಮೂಳೆ ಬದಲಾಗ್ತಿದೆ" ಅಂದ್ರಂತೆ. 846ರಲ್ಲಿ ಸತ್ತೋದ, ಇನ್ನೂ ಮೂವತ್ತರ ಆಸುಪಾಸು.

ಲೆಕ್ಚರಲ್ಲಿ ಹೇಳೋದೆಲ್ಲಾ ಪೂರ್ತಿ ಸುಳ್ಳೂ ಅಲ್ಲ, ಅರ್ಧ ಹೇಳ್ತಾರೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯ ಕಟ್ಟಿದ ಮದನಮೋಹನ ಮಾಳವೀಯರು 1938ರಲ್ಲಿ ಕಾಯಕಲ್ಪ ಮಾಡಿಸಿಕೊಂಡಿದ್ರು ಅನ್ನೋದು ನಿಜ, ಆದ್ರೆ 1946ರಲ್ಲಿ 84ನೇ ವಯಸ್ಸಿಗೆ ತೀರಿಕೊಂಡ್ರು ಅನ್ನೋದು ಬರಲ್ಲ. ಸಿದ್ಧಯೋಗಿ ಗೋರಕ್ಷನ ವಜ್ರಕಾಯದ ಕಥೆ ಹೇಳ್ತಾರೆ, ಕತ್ತಿ ಹೊಡೆದ್ರೆ ಠಣ್ ಅಂತು ಅಂತ. ಆಮೇಲೆ ಅಲ್ಲಮನ ಮೈಗೆ ಬೀಸಿದ ಕತ್ತಿ ಗಾಳಿಯಲ್ಲಿ ಬೀಸಿದಂಗೆ ಹಾದುಹೋಗಿ ಗೋರಕ್ಷನ ಗರ್ವ ಇಳಿದಿದ್ದು? ಅದನ್ನ ನುಂಗಿಬಿಡ್ತಾರೆ. ನಮ್ಮೂರಲ್ಲಿ ನಿಂತು ಅಲ್ಲಮನ್ನ ಬಿಟ್ಟು ಕಥೆ ಹೇಳೋಕೆ ಧೈರ್ಯ ಬೇಕು ಬಿಡಿ.

ಕೊನೆಗೆ ಮೂತ್ರದಲ್ಲಿ ನೊರೆ ನಿಲ್ಲದೇ ಬರೋಕೆ ಶುರುವಾದಾಗ ದೊಡ್ಡಮ್ಮ ಜಗಳ ಆಡಿ ಆಸ್ಪತ್ರೆಗೆ ಕರ್ಕೊಂಡೋದ್ರು. ಪ್ರೋಟೀನ್ ಸಿಕ್ಕಾಪಟ್ಟೆ ಹೋಗ್ತಿತ್ತು, ರಕ್ತದಲ್ಲಿ ಮರ್ಕ್ಯುರಿ ಜಾಸ್ತಿ. ಪುಡಿ ನಿಲ್ಲಿಸಿದ ಮೇಲೆ ಊತ ನಿಧಾನಕ್ಕೆ ಇಳೀತಿದೆ, ಕೈ ನಡುಕ ಇನ್ನೂ ಇದೆ.

ಡಬ್ಬಿ ಮೇಲೆ ಒಂದು ಸಿದ್ಧರ ಫೋಟೋ ಬಿಟ್ರೆ ಏನೂ ಇಲ್ಲ. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಿಸಿದೋರ ವಿಳಾಸ ಯಾವ್ದೂ ಇಲ್ಲ. ಪಾದರಸ ಇರೋ ಆಯುರ್ವೇದ ಔಷಧಿ ಮೇಲೆ ವೈದ್ಯರ ನಿಗಾದಲ್ಲೇ ತಗೋಬೇಕು ಅನ್ನೋ ಎಚ್ಚರಿಕೆ ಇಂಗ್ಲಿಷಲ್ಲೂ ಹಿಂದೀಲೂ ಇರಲೇಬೇಕು, ಅದು ರೂಲ್ಸು. ಇನ್ನು ಡ್ರಗ್ಸ್ ರೂಲ್ಸ್‌ನ ಶೆಡ್ಯೂಲ್ ಜೆ ಲಿಸ್ಟಲ್ಲಿ ಯೌವನ ವಾಪಸ್ ತರೋ ಶಕ್ತಿ ಅಂತಾನೇ ಒಂದು ಐಟಂ ಇದೆ, ಔಷಧಿ ಇದನ್ನ ಮಾಡುತ್ತೆ ಅಂತ ಹೇಳ್ಕೊಳ್ಳೋ ಹಾಗೇ ಇಲ್ಲ.

ಮನೇಲಿ ಯಾರಾದ್ರೂ ತಗೊಳ್ತಿದ್ರೆ ಇವತ್ತೇ ನಿಲ್ಲಿಸಿ, ಯೂರಿನ್ ಪ್ರೋಟೀನ್, ಕ್ರಿಯಾಟಿನಿನ್, ರಕ್ತದಲ್ಲಿ ಮರ್ಕ್ಯುರಿ ಟೆಸ್ಟ್ ಬಗ್ಗೆ ಡಾಕ್ಟರ್ ಹತ್ರ ಕೇಳಿ. ಪುಡೀನ ಸಿಂಕಿಗೆ ಸುರೀಬೇಡಿ, ಡಬ್ಬಿ ಸಮೇತ ಡಾಕ್ಟರಿಗೆ ತೋರಿಸಿ, ಕಂಪ್ಲೇಂಟ್ ಕೊಡೋಕೂ ಅದೇ ಬೇಕಾಗುತ್ತೆ. ನಾವು ಧನ್ವಂತರಿ ರಸ್ತೇಲಿರೋ ಆಯುಷ್ ಇಲಾಖೆಗೆ ಕೊಟ್ಟಿದೀವಿ. ಆ ಆಸಾಮಿ ಹಳೇ ನಂಬರ್ ಸ್ವಿಚ್ ಆಫ್, ಆದ್ರೆ ಮೊನ್ನೆ ದೊಡ್ಡಪ್ಪನ ವಾಟ್ಸಾಪಿಗೆ ಅದೇ ಪಾಂಪ್ಲೆಟ್ ಬೇರೆ ನಂಬರಿಂದ ಬಂದಿದೆ, ಈ ಸಲ ಯಲಹಂಕ ಕಡೆ.