ಟಿಮ್ ರಸರ್ಟ್ ಇದ್ದಾಗಿನ ಭಾನುವಾರದ ಆ ಒಂದು ಗಂಟೆ

ಅಮೆರಿಕದ ಎನ್‌ಬಿಸಿ ಟಿವಿಯ ರಾಜಕೀಯ ಸಂದರ್ಶನ ಕಾರ್ಯಕ್ರಮ ‘ಮೀಟ್ ದ ಪ್ರೆಸ್’ 1947ರಿಂದಲೂ ಇದೆ. ಅದಕ್ಕೊಂದು ಖದರು ಬಂದದ್ದು ಮಾತ್ರ 1991ರ ಡಿಸೆಂಬರ್‌ನಲ್ಲಿ ಟಿಮ್ ರಸರ್ಟ್ ನಿರೂಪಕರಾದ ಮೇಲೆ. ಅರ್ಧ ಗಂಟೆಯ ಕಾರ್ಯಕ್ರಮ ಒಂದು ಗಂಟೆಯಾದದ್ದೂ ಅವರ ಕಾಲದಲ್ಲೇ.

ಪಟ್ಟು ಸರಳ. ಅತಿಥಿ ಹಿಂದೆ ಆಡಿದ್ದ ಮಾತನ್ನು ತಾರೀಖಿನ ಸಮೇತ ಪರದೆ ತುಂಬ ಹಾಕುವುದು, ಗಟ್ಟಿಯಾಗಿ ಓದುವುದು, ಉತ್ತರಕ್ಕೆ ಕಾಯುವುದು. ವಕೀಲಿಕೆ ಓದಿದವರಲ್ಲವೇ! ಕೊರತೆಯೂ ಅಲ್ಲೇ ಇತ್ತು: ನಿಲುವು ಬದಲಾದದ್ದೇ ಅಪರಾಧವೆಂಬಂತಾಗಿ, ಈಗಿನ ನಿಲುವು ಸರಿಯೇ ಎಂಬ ಪ್ರಶ್ನೆ ಕೆಲವೊಮ್ಮೆ ಹಿಂದೆ ಬೀಳುತ್ತಿತ್ತು.

ಒಂದೇ ತುಣುಕು ನೋಡುವುದಾದರೆ 2000ರ ನವೆಂಬರ್ 7ರ ಅಧ್ಯಕ್ಷೀಯ ಚುನಾವಣಾ ರಾತ್ರಿಯದನ್ನು ನೋಡಿ. ಝಗಮಗ ಗ್ರಾಫಿಕ್ಸ್ ಬದಿಗಿಟ್ಟು, ಕೈಯಲ್ಲಿ ಹಿಡಿಯುವಷ್ಟು ಸಣ್ಣ ಬಿಳಿ ಹಲಗೆಯ ಮೇಲೆ ಮಾರ್ಕರ್‌ನಲ್ಲಿ 270ರ ಲೆಕ್ಕ: ಗೆಲ್ಲಲು ಬೇಕಾದ, ರಾಜ್ಯವಾರು ಹಂಚಿಕೆಯಾದ ಎಲೆಕ್ಟೋರಲ್ ಮತಗಳು ಅಷ್ಟು. ಬರೆದು, ಅಳಿಸಿ, ಕೊನೆಗೆ ‘ಫ್ಲೋರಿಡಾ’ ಎಂದು ಮೂರು ಸಲ. 25 ಎಲೆಕ್ಟೋರಲ್ ಮತಗಳ ಆ ರಾಜ್ಯದ ಫಲಿತಾಂಶದ ಜಗಳ ಮುಗಿಯಲು ಐದು ವಾರ ಹಿಡಿಯಿತು.

2008ರ ಜೂನ್ 13ರಂದು, 58ರ ವಯಸ್ಸಿನಲ್ಲಿ, ವಾಷಿಂಗ್ಟನ್ ಕಚೇರಿಯಲ್ಲಿ ಕೆಲಸದ ನಡುವೆಯೇ ರಸರ್ಟ್ ಕುಸಿದು ತೀರಿಕೊಂಡರು. ಆ ಭಾನುವಾರದ ಸಂಚಿಕೆಯಲ್ಲಿ ಅವರ ಕುರ್ಚಿ ಖಾಲಿ ಇತ್ತು.