ಕಾರಿಗೆ ದಾರಿ ತೋರಿಸಲು ಯಾವುದು ಸರಿ? ಮೂರನ್ನೂ ಊರಿನ ದಾರಿಯಲ್ಲಿ ನೋಡಿದೆ

ನನ್ನ ತವರು ಕಳಸದ ಹತ್ತಿರ. ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ ಮೇಲೆ ಹೋಗುತ್ತೇನೆ. ಕೊಟ್ಟಿಗೆಹಾರದಲ್ಲಿ ಕಳಸದ ಕಡೆ ತಿರುಗಿದ ಮೇಲೆ ಮೊಬೈಲಿಗೆ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಕಾರಿನ ಹಳೇ ಸ್ಟೀರಿಯೊ ಕೆಟ್ಟಾಗ ಹೇಗೂ ದುಡ್ಡು ಹಾಕಬೇಕಲ್ಲ, ದಾರಿ ತೋರಿಸುವುದನ್ನೇ ಸರಿಯಾಗಿ ನೋಡಿ ಕೊಳ್ಳೋಣ ಅಂದುಕೊಂಡೆ. ಈ ವರ್ಷ ನಾಲ್ಕು ಸಲ ಊರಿಗೆ ಹೋಗಿಬಂದು ಮೂರನ್ನು ಪರೀಕ್ಷೆ ಮಾಡಿದೆ: ಹೋಲ್ಡರ್‌ನಲ್ಲಿ ಕೂರಿಸಿದ ಫೋನ್, ಅಣ್ಣ ಹಲವು ವರ್ಷಗಳ ಹಿಂದೆ ಕೊಂಡಿದ್ದ ಪ್ರತ್ಯೇಕ ಜಿಪಿಎಸ್ ಸಾಧನ, ಮತ್ತು 9 ಇಂಚಿನ ಆಂಡ್ರಾಯ್ಡ್ ಸ್ಟೀರಿಯೊ.

ಮೊದಲು ಒಂದು ಮಾತು. "ನೆಟ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡಲ್ಲ" ಎಂದು ನಮ್ಮ ಮನೆಯಲ್ಲೂ ನಂಬಿದ್ದಾರೆ. ಅದು ಹಾಗಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಸಮಯ ಮತ್ತು ಜಾಗವನ್ನು ಸಾರುತ್ತಲೇ ಇರುತ್ತವೆ. ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ನಾವು ಎಲ್ಲಿದ್ದೇವೆ ಎಂದು ನಮ್ಮ ಕೈಯಲ್ಲಿರುವ ಯಂತ್ರವೇ ಲೆಕ್ಕ ಹಾಕಿಕೊಳ್ಳುತ್ತದೆ. ನೆಟ್ ಬೇಕಾಗುವುದು ನಕ್ಷೆ ತರಿಸಲು ಮತ್ತು ಟ್ರಾಫಿಕ್ ತಿಳಿಯಲು. ಆದ್ದರಿಂದ ಘಟ್ಟದ ಕಡೆ ಓಡಾಡುವವರು ಕೇಳಬೇಕಾದ ಪ್ರಶ್ನೆ ಎರಡೇ: ಆಂಟೆನಾಕ್ಕೆ ಆಕಾಶ ಕಾಣುತ್ತದೆಯೇ? ನಕ್ಷೆ ಮೊದಲೇ ಒಳಗೆ ಇಳಿದಿದೆಯೇ?

ಅಣ್ಣನ ಸಾಧನದಿಂದ ಶುರು ಮಾಡುತ್ತೇನೆ, ಏಕೆಂದರೆ ಅದರ ಮೇಲೆ ನನಗೆ ನಿಜವಾಗಿ ಪ್ರೀತಿ ಹುಟ್ಟಿತು. ಮಧ್ಯಾಹ್ನದ ಬಿಸಿಲಲ್ಲೂ ಪರದೆ ಸ್ಪಷ್ಟ. ಕರೆ ಬಂತೆಂದು ನಕ್ಷೆ ಮರೆಯಾಗುವುದಿಲ್ಲ. ಸಿಗ್ನಲ್ ಇದೆಯೋ ಇಲ್ಲವೋ ಎಂಬ ಗೊಡವೆಯೇ ಇಲ್ಲ, ನಕ್ಷೆ ಪೂರಾ ಅದರ ಹೊಟ್ಟೆಯಲ್ಲೇ ಇದೆ. ಆದರೆ ನಕ್ಷೆ ಹಳೆಯದು. ಒಮ್ಮೆ ಮೈಸೂರಿಗೆ ಹೋಗುವಾಗಲೂ ಅದನ್ನೇ ಹಚ್ಚಿದ್ದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯ ಬೈಪಾಸುಗಳ ಸುಳಿವೇ ಅದಕ್ಕಿಲ್ಲ. ಮಂಡ್ಯದ ಬೈಪಾಸಿನಲ್ಲಿ ಸಾಗುತ್ತಿದ್ದರೆ ಪರದೆಯ ಬಾಣ ಬರೀ ಬಯಲಿನ ಮೇಲೆ, ರಸ್ತೆಯ ಗೆರೆಯೇ ಇಲ್ಲದ ಕಡೆ ಓಡುತ್ತಿತ್ತು. ಊರೊಳಗಿನ ಹಳೇ ರಸ್ತೆಗೆ ಹಿಂತಿರುಗಿ ಎಂದು ಮತ್ತೆ ಮತ್ತೆ ಹೇಳುತ್ತಿತ್ತು. ಹೊಸ ನಕ್ಷೆ ಹಾಕಿಸಲು ಅಣ್ಣ ಎಷ್ಟು ಓಡಾಡಿದರೂ ಆಗಲಿಲ್ಲ. ಇಂಥದ್ದನ್ನು ಈಗಲೂ ಕೊಳ್ಳುವವರು ನಕ್ಷೆಯ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ ಎಂದು ಬರಹದಲ್ಲಿ ಪಡೆಯದೆ ದುಡ್ಡು ಕೊಡಬೇಡಿ.

ಫೋನು ಎಲ್ಲರಿಗೂ ಗೊತ್ತಿರುವುದೇ. ಬೆಂಗಳೂರಿನೊಳಗೆ ಅದಕ್ಕೆ ಸಾಟಿಯಿಲ್ಲ. ಗೊರಗುಂಟೆಪಾಳ್ಯ ದಾಟುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೊರಡುವ ಮುಂಚೆಯೇ ಗೂಗಲ್ ಮ್ಯಾಪ್ಸ್ ಹೇಳುತ್ತದೆ, ಕನ್ನಡದ ಧ್ವನಿಯೂ ಇದೆ. ನಮ್ಮ ದೇಶದ್ದೇ ಆದ ಮ್ಯಾಪಲ್ಸ್ ಜಂಕ್ಷನ್ ಬಂದಾಗ ಮೇಲ್ಸೇತುವೆಯ ಚಿತ್ರವನ್ನೇ ತೋರಿಸಿ ಹತ್ತಬೇಕೋ ಕೆಳಗೆ ಹೋಗಬೇಕೋ ತಿಳಿಸುವುದು ನನಗೆ ಬಹಳ ಹಿಡಿಸಿತು. ತೊಂದರೆ ಶಾಖದ್ದು. ಗಾಜಿಗೆ ಅಂಟಿಸಿದ ಹೋಲ್ಡರ್‌ನಲ್ಲಿ, ಚಾರ್ಜಿಂಗ್ ಹಾಕಿಕೊಂಡು, ಏಪ್ರಿಲ್ ಬಿಸಿಲಿಗೆ ಚನ್ನರಾಯಪಟ್ಟಣ ಬರುವಷ್ಟರಲ್ಲಿ ಫೋನ್ ಕೈಯಲ್ಲಿ ಹಿಡಿಯಲಾರದಷ್ಟು ಕಾದಿತ್ತು. ಪರದೆ ತಾನಾಗಿ ಮಂಕಾಯಿತು, ಚಾರ್ಜ್ ಆಗುವುದು ನಿಂತಿತು. ಮುಂದಿನ ಸಲ ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ತಂದೆ, ಆ ಕಾಟ ತಪ್ಪಿತು. ಮನೆಯಲ್ಲಿ ವೈಫೈ ಇರುವಾಗಲೇ ಹಾಸನ, ಚಿಕ್ಕಮಗಳೂರಿನ ಭಾಗವನ್ನು ಆಫ್‌ಲೈನ್ ಉಳಿಸಿಕೊಂಡಿದ್ದರಿಂದ ಕಾಡಿನಲ್ಲೂ ದಾರಿ ತೋರಿಸಿತು. ಟ್ರಾಫಿಕ್ ಮಾಹಿತಿ ಮಾತ್ರ ಇರಲಿಲ್ಲ.

ಜುಲೈ ತಿಂಗಳ ಒಂದು ಸಂಜೆ ಯಾವ ಆ್ಯಪ್‌ನಲ್ಲೂ ಆಗಬಹುದಾದ ತಪ್ಪೊಂದು ನಡೆಯಿತು. ನಾಲ್ಕು ನಿಮಿಷ ಉಳಿಯುತ್ತದೆ ಎಂದು ನನ್ನನ್ನು ಕಾಫಿ ತೋಟದೊಳಗಿನ ರಸ್ತೆಗೆ ತಿರುಗಿಸಿತು. ಅರ್ಧ ಕಿ.ಮೀ. ಆದ ಮೇಲೆ ಡಾಂಬರು ಮುಗಿದು ಕೆಸರು. ಎಡಗಡೆ ಚಕ್ರ ಹೂತುಹೋಯಿತು. ಕಂಬಳಿ ಕೊಪ್ಪೆ ಹಾಕಿಕೊಂಡು ಬಂದ ತೋಟದ ಹಿರಿಯರೊಬ್ಬರು, "ಮಳೆಗಾಲದಲ್ಲಿ ಈ ದಾರೀಲಿ ಜೀಪು ಬಿಟ್ರೆ ಏನೂ ಹೋಗಲ್ಲ ಕಣಮ್ಮ" ಅಂದರು. ಟ್ರ್ಯಾಕ್ಟರ್ ತಂದು ಎಳೆಸಿದವರೂ ಅವರೇ. ನಕ್ಷೆಯಲ್ಲಿ ಡಾಂಬರು ರಸ್ತೆಗೂ ಮಣ್ಣಿನ ರಸ್ತೆಗೂ ಒಂದೇ ಬಣ್ಣದ ಗೆರೆ. ಅಂದಿನಿಂದ ಮಲೆನಾಡಿನಲ್ಲಿ ಹತ್ತು ನಿಮಿಷಕ್ಕಿಂತ ಕಡಿಮೆ ಉಳಿಸುವ ಅಡ್ಡದಾರಿಗೆ ನಾನು ತಿರುಗುವುದೇ ಇಲ್ಲ.

ಇನ್ನು ಸ್ಟೀರಿಯೊ. ಅಂಗಡಿಯಲ್ಲಿ "ಆಂಡ್ರಾಯ್ಡ್" ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತು ಮಾರುತ್ತಾರೆ, ಗಮನಿಸಿ. ಒಂದು, ಆಂಡ್ರಾಯ್ಡ್ ಆಟೊ: ಇದರಲ್ಲಿ ನಕ್ಷೆ ನಡೆಸುವುದು ನಿಮ್ಮ ಫೋನೇ, ಕಾಣಿಸುವುದು ಕಾರಿನ ಪರದೆಯಲ್ಲಿ. ಇನ್ನೊಂದು, ತಾನೇ ಟ್ಯಾಬ್ಲೆಟ್‌ನಂತಿರುವ ಸ್ಟೀರಿಯೊ: ಆ್ಯಪ್ ಅದರಲ್ಲೇ, ಜಿಪಿಎಸ್ ಆಂಟೆನಾವೂ ಅದರದ್ದೇ. ನಾನು ತಂದದ್ದು ಎರಡನೆಯದು. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹಾಕಿಸಿದೆ. ಮೊದಲ ವಾರ ಬಹಳ ಬೇಸರವಾಯಿತು. ಹೆದ್ದಾರಿಯಲ್ಲಿದ್ದರೆ ಸರ್ವಿಸ್ ರಸ್ತೆಯಲ್ಲಿದ್ದೀರಿ ಎನ್ನುತ್ತಿತ್ತು. ತಿರುವು ದಾಟಿದ ಮೇಲೆ ತಿರುಗಿ ಎನ್ನುತ್ತಿತ್ತು. ವಾಪಸ್ ಕೊಡಲೆಂದೇ ಹೋದಾಗ ಅಲ್ಲಿನ ಇನ್ನೊಬ್ಬ ಹುಡುಗ ಸ್ಟೀರಿಯೊ ಹೊರಗೆ ಎಳೆದ. ಬೆಂಕಿಪೊಟ್ಟಣದಷ್ಟೇ ಇರುವ ಕಪ್ಪು ಆಂಟೆನಾವನ್ನು ಹಿಂದಿನ ಕಬ್ಬಿಣದ ಚೌಕಟ್ಟಿನೊಳಗೆ ತುರುಕಿದ್ದರು. ಆಕಾಶವೇ ಕಾಣದ ಜಾಗ. ಅದನ್ನು ತೆಗೆದು ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜಿನ ಕೆಳಗೆ ಕೂರಿಸಿದ. ಹತ್ತು ನಿಮಿಷದ ಕೆಲಸ. ಆಮೇಲೆ ಬಾಣ ರಸ್ತೆ ಬಿಟ್ಟು ಕದಲಿಲ್ಲ.

ಅದರಲ್ಲಿ ಸಿಮ್ ಇಲ್ಲ. ಫೋನಿಗಾದರೆ ಉಪಗ್ರಹಗಳ ವಿವರ ನೆಟ್‌ನಿಂದ ಕ್ಷಣದಲ್ಲಿ ಬರುತ್ತದೆ. ಇದು ಉಪಗ್ರಹದಿಂದಲೇ ಪಡೆಯಬೇಕು, ಆ ವೇಗ ಸೆಕೆಂಡಿಗೆ 50 ಬಿಟ್ ಮಾತ್ರ. ಬೇಸ್‌ಮೆಂಟಿನಿಂದ ಕಾರು ತೆಗೆದ ಮೇಲೆ ಬಯಲಿನಲ್ಲಿ ಒಂದೆರಡು ನಿಮಿಷ ಕಾಯಬೇಕಾಗುತ್ತದೆ, ನನಗದು ದೊಡ್ಡ ವಿಷಯವಲ್ಲ. ಜನರೇ ಸೇರಿ ತಯಾರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್ ಹಾಕಿ ನಮ್ಮ ಕಡೆಯ ನಕ್ಷೆ ಪೂರ್ತಿ ಇಳಿಸಿಕೊಂಡಿದ್ದೇನೆ. ಅಂಗಡಿ, ಹೋಟೆಲ್ ಹುಡುಕಲು ಅದು ಸಾಲದು, ಘಟ್ಟದ ತಿರುವು ತೋರಿಸಲು ಧಾರಾಳ ಸಾಕು. ಕೊಟ್ಟಿಗೆಹಾರದಲ್ಲಿ ಮಂಜು ಕವಿದು ಹತ್ತು ಅಡಿ ಮುಂದೆ ಕಾಣದಿದ್ದಾಗ ಮುಂದಿನ ತಿರುವು ಎಡಕ್ಕೋ ಬಲಕ್ಕೋ ಎಂದು ಆ ದೊಡ್ಡ ಪರದೆಯಲ್ಲಿ ಓರೆಗಣ್ಣಿನಲ್ಲೇ ಗೊತ್ತಾಗುತ್ತಿತ್ತು.

ಹಾಗಾಗಿ ಸ್ಟೀರಿಯೊ ಉಳಿಸಿಕೊಂಡೆ, ನಗರದೊಳಗೆ ಟ್ರಾಫಿಕ್ಕಿಗೆ ಫೋನ್. ಬರೀ ಬೆಂಗಳೂರಿನಲ್ಲೇ ಓಡಾಡುವವರಿಗೆ ಫೋನ್ ಮತ್ತು ಎಸಿ ಕಿಂಡಿಯ ಹೋಲ್ಡರ್ ಬೇಕಾದಷ್ಟಾಯಿತು, ಸಾವಿರಾರು ರೂಪಾಯಿ ಸುರಿಯುವುದು ಬೇಡ. ಸ್ಟೀರಿಯೊ ಹಾಕಿಸುವವರು ಆಂಟೆನಾ ಎಲ್ಲಿ ಕೂರಿಸುತ್ತಾರೆ ಎಂದು ಪಕ್ಕದಲ್ಲೇ ನಿಂತು ನೋಡಿ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆ ಡಾಂಬರಿನದೋ ಮಣ್ಣಿನದೋ ಎಂದು ನಾವೇ ಗುರುತು ಹಾಕಬಹುದು. ದೀಪಾವಳಿಗೆ ಊರಿಗೆ ಹೋದಾಗ ಆ ತೋಟದ ರಸ್ತೆಯನ್ನು ಮಣ್ಣಿನದು ಎಂದು ಗುರುತಿಸಿ ಬರುತ್ತೇನೆ.