ಕೂಲೆಂಟ್: ರೆಡಿ ಮಿಕ್ಸ್ ತಗೊಳ್ಳೋದಾ, ಕಾನ್ಸೆಂಟ್ರೇಟಾ?

ಕೂಲೆಂಟ್ ಅಂದರೆ ಕಾರಿನ ಎಂಜಿನ್ ತಂಪಾಗಿಡಲು ರೇಡಿಯೇಟರ್‌ಗೆ ಹಾಕುವ ದ್ರವ. ಇದು ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ. ರೆಡಿ ಮಿಕ್ಸ್ ಆದರೆ ಡಬ್ಬ ತೆರೆದು ಹಾಗೇ ಸುರಿಯಬಹುದು. ಕಾನ್ಸೆಂಟ್ರೇಟ್‌ಗೆ ನೀರು ಬೆರೆಸಬೇಕು. ಎಷ್ಟು ಅಂತ ಡಬ್ಬದ ಮೇಲೇ ಬರೆದಿರುತ್ತದೆ. ಆದರೆ ಬೆರೆಸುವುದು ಡಿಸ್ಟಿಲ್ಡ್ ವಾಟರೇ (ಲವಣ ತೆಗೆದ ಶುದ್ಧ ನೀರು) ಆಗಿರಬೇಕು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ ಅಲ್ವಾ? ಅದೇ ಪದರ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ.

ಆಗಾಗ ಸ್ವಲ್ಪ ಟಾಪ್‌ಅಪ್ ಮಾಡುವವರಿಗೆ ರೆಡಿ ಮಿಕ್ಸೇ ಸರಿ. ಪೂರ್ತಿ ಬದಲಿಸುವಾಗ ಕಾನ್ಸೆಂಟ್ರೇಟ್ ತಗೊಳ್ಳಬಹುದು. ಸುಮ್ನೆ ಬಣ್ಣ ನೋಡಿ ಆರಿಸಬೇಡಿ, ಕಾರಿನ ಮ್ಯಾನುಯಲ್‌ನಲ್ಲಿ ಹೇಳಿದ್ದನ್ನೇ ಕೇಳಿ.

ಯಾವುದನ್ನೇ ಹಾಕಿ, ಎಂಜಿನ್ ಪೂರ್ತಿ ತಣ್ಣಗಾಗದೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ದಯವಿಟ್ಟು. ಒತ್ತಡ ಇರುವುದರಿಂದ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಮುಖಕ್ಕೇ ಚಿಮ್ಮುತ್ತದೆ.